ಅಂಕಿಗೆ ಸಿಗದ ನಾರು

ರಾಗಿಯಲ್ಲಿ ನಾರಿನಾಂಶ ಎಷ್ಟು ಎಂದು ಹುಡುಕಿದರೆ ಎರಡು ಉತ್ತರ ಸಿಗುತ್ತವೆ. ಹಳೆಯ ಪೋಷಕಾಂಶ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ 3.6 ಗ್ರಾಂ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಕೋಷ್ಟಕದ ಪ್ರಕಾರ 11.18 ಗ್ರಾಂ. ಎರಡೂ ಅದೇ ಸಂಸ್ಥೆಯ ಲೆಕ್ಕ, ಎರಡೂ ಸುಳ್ಳಲ್ಲ. ಈ ಅವಧಿಯಲ್ಲಿ ರಾಗಿಯೇನೂ ಮೂರು ಪಟ್ಟು ಒರಟಾಗಲಿಲ್ಲ. ಅಳೆಯುವ ವಿಧಾನ ಬದಲಾಯಿತು, ಅಷ್ಟೇ.

ಇದು ಪ್ರಯೋಗಾಲಯದ ಸಣ್ಣ ವಿವರ ಎಂದು ಬಿಟ್ಟುಬಿಡಬಹುದಿತ್ತು. ಆದರೆ ವಾಟ್ಸ್‌ಆ್ಯಪ್‌ನಲ್ಲಿ ಸುತ್ತುವ ಸಿರಿಧಾನ್ಯ ಪಟ್ಟಿಗಳನ್ನು ಒಮ್ಮೆ ಗಮನಿಸಿ. ಊದಲಿಗೆ 9.8, ಹಾರಕಕ್ಕೆ 9, ನವಣೆಗೆ 8, ರಾಗಿಗೆ 3.6, ಅಕ್ಕಿಗೆ 0.2. ಈ ಪಟ್ಟಿ ನೋಡಿ ರಾಗಿಯನ್ನು ಕೈಬಿಟ್ಟು ಹಾರಕದ ಅನ್ನಕ್ಕೆ ಹೋದವರು ಎಲ್ಲರ ಪರಿಚಯದಲ್ಲೂ ಇದ್ದಾರೆ. ಇವೆಲ್ಲ ಹಳೆಯ ವಿಧಾನದ ಅಂಕಿಗಳು. ಹೊಸ ವಿಧಾನದಲ್ಲಿ ಸಾಲು ತಲೆಕೆಳಗಾಗುತ್ತದೆ: ರಾಗಿ 11ನ್ನು ದಾಟುತ್ತದೆ, ಹಾರಕ 6ರ ಆಸುಪಾಸಿಗೆ ಇಳಿಯುತ್ತದೆ, ಅಕ್ಕಿ 2.81ಕ್ಕೆ ಏರುತ್ತದೆ. ಕೆಲವು ಪೊಟ್ಟಣಗಳ ಮೇಲಂತೂ ಒಂದು ಧಾನ್ಯಕ್ಕೆ ಹಳೆಯ ಅಂಕಿ, ಪಕ್ಕದ ಧಾನ್ಯಕ್ಕೆ ಹೊಸ ಅಂಕಿ ಅಚ್ಚಾಗಿರುತ್ತದೆ.

ಹಳೆಯ ವಿಧಾನ ಹುಟ್ಟಿದ್ದು ಮನುಷ್ಯರಿಗಾಗಿ ಅಲ್ಲವೇ ಅಲ್ಲ. 1860ರ ದಶಕದಲ್ಲಿ ಜರ್ಮನಿಯ ಗಟಿಂಗೆನ್ ಬಳಿಯ ವೇಂಡೆಯಲ್ಲಿ ಹೆನ್ನೆಬರ್ಗ್ ಮತ್ತು ಸ್ಟೋಮಾನ್ ಎಂಬಿಬ್ಬರು ದನಗಳ ಮೇವಿನ ಗುಣಮಟ್ಟ ಅಳೆಯಲು ಅದನ್ನು ರೂಪಿಸಿದರು. ಮೇವನ್ನು ಮೊದಲು ತೆಳು ಆಮ್ಲದಲ್ಲಿ, ಆಮೇಲೆ ತೆಳು ಕ್ಷಾರದಲ್ಲಿ ಕುದಿಸಬೇಕು. ಕರಗದೆ ಉಳಿದದ್ದರಲ್ಲಿ ಬೂದಿಯ ತೂಕ ಕಳೆದರೆ ಅದೇ ‘ಕಚ್ಚಾ ನಾರು’. ಈ ಕುದಿತಕ್ಕೆ ಸೆಲ್ಯುಲೋಸ್ ಜಗ್ಗುವುದಿಲ್ಲ. ಧಾನ್ಯದ ಹೊಟ್ಟಿನಲ್ಲಿ ಅದು ಧಾರಾಳವಾಗಿರುವುದರಿಂದ ಹೊಟ್ಟು ಹೆಚ್ಚಿದ್ದಷ್ಟೂ ಅಂಕಿ ಏರುತ್ತದೆ. ನಾವು ಅನ್ನ ಮಾಡಿಕೊಳ್ಳುವ ನವಣೆಯಲ್ಲಿ ಆ ಹೊಟ್ಟು ಇರುವುದೇ ಇಲ್ಲ. ಕ್ಷಾರದಲ್ಲಿ ಕರಗಿ ಹರಿದುಹೋಗುವುದು ಧಾನ್ಯದ ಕೋಶಭಿತ್ತಿಯ, ಅಂದರೆ ಪ್ರತಿ ಕೋಶದ ಸುತ್ತಲಿನ ಗೋಡೆಯ, ಮುಖ್ಯ ಸಾಮಗ್ರಿ. ಅಂದರೆ ಯಾವುದನ್ನು ಅಳೆಯಬೇಕಿತ್ತೋ ಅದನ್ನೇ ಚೆಲ್ಲಿ ಉಳಿದದ್ದನ್ನು ತೂಗುವ ಪರೀಕ್ಷೆ. ನೂರಕ್ಕೂ ಹೆಚ್ಚು ವರ್ಷ ಜಗತ್ತು ಇದನ್ನೇ ನೆಚ್ಚಿಕೊಂಡಿತ್ತು.

ಆಹಾರದ ನಾರು ಎಂಬ ಕಲ್ಪನೆಯನ್ನು ಆಸ್ಟ್ರೇಲಿಯಾದ ವೈದ್ಯ ಹಿಪ್ಸ್‌ಲಿ 1953ರಲ್ಲಿ ಬಳಕೆಗೆ ತಂದರು. ಅದಕ್ಕೆ ಬಲ ಬಂದದ್ದು ಉಗಾಂಡದಲ್ಲಿ ಕೆಲಸ ಮಾಡಿದ್ದ ಇಬ್ಬರು ಬ್ರಿಟಿಷ್ ವೈದ್ಯರಿಂದ. ಶಸ್ತ್ರವೈದ್ಯ ಡೆನಿಸ್ ಬರ್ಕಿಟ್ ಮತ್ತು ಹ್ಯೂ ಟ್ರೋವೆಲ್, ಆಫ್ರಿಕಾದ ಹಳ್ಳಿಗರಲ್ಲಿ ಮಲಬದ್ಧತೆ, ದೊಡ್ಡ ಕರುಳಿನ ಕಾಯಿಲೆ, ಹೃದ್ರೋಗಗಳು ಯೂರೋಪಿನಷ್ಟು ಏಕೆ ಕಾಣುವುದಿಲ್ಲ ಎಂಬ ಪ್ರಶ್ನೆಯನ್ನು ಬೆನ್ನಟ್ಟಿ 1970ರ ದಶಕದಲ್ಲಿ ನಾರಿನ ಕಡೆ ಬೊಟ್ಟು ಮಾಡಿದರು. 1972ರಲ್ಲಿ ಟ್ರೋವೆಲ್ ಕೊಟ್ಟ ವ್ಯಾಖ್ಯೆಯ ಕೇಂದ್ರದಲ್ಲಿ ಇದ್ದದ್ದು ಸಸ್ಯದ ಕೋಶಭಿತ್ತಿ: ಅದರಲ್ಲಿ ಮನುಷ್ಯನ ಜೀರ್ಣರಸಗಳಿಗೆ ಜಗ್ಗದೆ ಉಳಿಯುವ ಭಾಗವೇ ನಾರು. ಆಮೇಲೆ 1985ರಲ್ಲಿ ಪ್ರಾಸ್ಕಿ ಮತ್ತು ಸಂಗಡಿಗರ ಕಿಣ್ವ ಪರೀಕ್ಷೆ ಬಂತು. ಪಿಷ್ಟವನ್ನೂ ಪ್ರೋಟೀನನ್ನೂ ಕಿಣ್ವಗಳಿಂದ ಕರಗಿಸಿ, ಉಳಿದದ್ದನ್ನು ಆಲ್ಕೊಹಾಲ್ ಹಾಕಿ ತಳಕ್ಕಿಳಿಸಿ ತೂಗುವ ವಿಧಾನ ಅದು. ರಾಗಿಯ 3.6 ಬೆಳೆದು 11 ಆದದ್ದು ಈ ಬಗೆಯ ವಿಧಾನದಿಂದ.

ಇಷ್ಟಾದರೂ ಟ್ರೋವೆಲ್ ಹೇಳಿದ ಭಿತ್ತಿ ಇಡಿಯಾಗಿ ನಿಂತಿದೆಯೇ ಎಂಬುದು ಮಾತ್ರ ಅಂಕಿಯೊಳಗೆ ಬರಲಿಲ್ಲ. ಯಾವ ವಿಧಾನವೇ ಆಗಲಿ, ಮೊದಲ ಹೆಜ್ಜೆ ಧಾನ್ಯವನ್ನು ನುಣ್ಣಗೆ ಪುಡಿ ಮಾಡುವುದು. ಕೆಡವಿದ ಮನೆಯ ಇಟ್ಟಿಗೆ ತೂಗಿ, ಬಾಗಿಲಿಗೆ ಚಿಲಕವಿತ್ತೇ ಎಂದು ತೀರ್ಮಾನಿಸಿದಂತೆ. ಕಳೆದ ಎರಡು ದಶಕಗಳ ಒಳ್ಳೆಯ ಸಂಶೋಧನೆಯೆಲ್ಲ ಆ ಚಿಲಕದ ಬಗ್ಗೆಯೇ ನಡೆದಿದೆ ಎನ್ನಬಹುದು.

ಗೋಧಿಯ ಕಾಳೊಂದನ್ನು ಅಡ್ಡಲಾಗಿ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹೊರಗೆ ತೌಡಿನ ಪದರಗಳು, ಅದಕ್ಕೆ ಅಂಟಿಕೊಂಡು ದಪ್ಪ ಭಿತ್ತಿಯ ಕೋಶಗಳ ಒಂದೇ ಸಾಲು, ಅದರೊಳಗೆ ಪಿಷ್ಟದ ಕಣಗಳನ್ನು ತುಂಬಿಕೊಂಡ ದೊಡ್ಡ ಕೋಶಗಳು ಕಾಣುತ್ತವೆ. ಒಳಗಿನ ಈ ಕೋಶಗಳ ಭಿತ್ತಿ ಬಹಳ ತೆಳು. ಮೈದಾದ ತೂಕದಲ್ಲಿ ಅದರ ಪಾಲು ನೂರಕ್ಕೆ ಎರಡು ಮೂರು ಮಾತ್ರ. ಆ ಭಿತ್ತಿಯ ಸುಮಾರು 70 ಭಾಗ ಅರಬಿನೋಕ್ಸೈಲಾನ್, 20 ಭಾಗ ಬೀಟಾ-ಗ್ಲೂಕಾನ್ ಎಂಬ ಗ್ಲೂಕೋಸ್ ಸರ. ಮರ, ಹುಲ್ಲುಕಡ್ಡಿಗಳನ್ನು ನಿಲ್ಲಿಸುವ ಸೆಲ್ಯುಲೋಸ್ ಇಲ್ಲಿ ಅತ್ಯಲ್ಪ.

ಅರಬಿನೋಕ್ಸೈಲಾನ್ ಎಂದರೆ ಕ್ಸೈಲೋಸ್ ಸಕ್ಕರೆಯ ಉದ್ದನೆಯ ಸರ, ಅಲ್ಲಲ್ಲಿ ಅರಬಿನೋಸ್‌ನ ಕವಲುಗಳು. ಕೆಲವು ಕವಲುಗಳ ತುದಿಗೆ ಫೆರುಲಿಕ್ ಆಮ್ಲ ಅಂಟಿರುತ್ತದೆ. ಎರಡು ಸರಗಳ ಫೆರುಲಿಕ್ ಆಮ್ಲಗಳು ಪರಸ್ಪರ ಕೈಹಿಡಿದರೆ ಸರಗಳು ಬಂಧಿಯಾಗುತ್ತವೆ. ತೌಡಿನಲ್ಲಿ ಈ ಬಂಧಗಳು ಬಿಗಿ, ಆದ್ದರಿಂದ ಅದು ನೀರಿನಲ್ಲಿ ಕರಗದು, ಕರುಳಿನ ಬ್ಯಾಕ್ಟೀರಿಯಾಗಳಿಗೂ ಸುಲಭಕ್ಕೆ ದಕ್ಕದು. ಅದರ ಕೆಲಸ ಮಲದ ಗಾತ್ರ ಹೆಚ್ಚಿಸಿ ಮುಂದೆ ತಳ್ಳುವುದು. ಒಳಭಾಗದ ಅರಬಿನೋಕ್ಸೈಲಾನ್ ಸಡಿಲ, ಒಂದಿಷ್ಟು ನೀರಿನಲ್ಲಿ ಕರಗುತ್ತದೆ, ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಬ್ಯುಟಿರೇಟ್, ಪ್ರೊಪಿಯೋನೇಟ್‌ನಂಥ ಸಣ್ಣ ಆಮ್ಲಗಳನ್ನು ಕೊಡುತ್ತವೆ. ಕರುಳಿನ ಒಳಪದರದ ಕೋಶಗಳಿಗೆ ಬ್ಯುಟಿರೇಟೇ ಮುಖ್ಯ ಇಂಧನ. ಪೊಟ್ಟಣದ ಮೇಲೆ ಎರಡೂ ಒಂದೇ ಸಾಲಿನಲ್ಲಿ, ಒಂದೇ ಹೆಸರಿನಲ್ಲಿ ಕೂರುತ್ತವೆ.

ಈ ವಿಷಯದಲ್ಲಿ ಮೈಸೂರಿಗೂ ಪಾಲಿದೆ. ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ಜಿ. ಮುರಳಿಕೃಷ್ಣ ಮತ್ತು ಸಹೋದ್ಯೋಗಿಗಳು ರಾಗಿಯಲ್ಲಿ ಫೆರುಲಿಕ್ ಆಮ್ಲ ಅಂಟಿಕೊಂಡ ಇಂಥ ಸಕ್ಕರೆ ಸರಗಳನ್ನೂ, ರಾಗಿ ಮೊಳಕೆಯೊಡೆದಾಗ ಅವು ಬದಲಾಗುವ ಬಗೆಯನ್ನೂ ವರ್ಷಗಟ್ಟಲೆ ಅಭ್ಯಾಸ ಮಾಡಿದರು. ಮೊಳಕೆಯೊಡೆಯುವಾಗ ಕಾಳು ತನ್ನದೇ ಕಿಣ್ವಗಳಿಂದ ತನ್ನ ಭಿತ್ತಿಯನ್ನು ಬಿಚ್ಚುತ್ತದೆ, ಬಂಧಿಯಾಗಿದ್ದ ಫೆರುಲಿಕ್ ಆಮ್ಲ ಕಡಿಮೆಯಾಗಿ ಬಿಡಿಯಾದದ್ದು ಹೆಚ್ಚುತ್ತದೆ, ಪಿಷ್ಟವೂ ಒಡೆಯತೊಡಗುತ್ತದೆ. ಕೂಸಿಗೆ ರಾಗಿ ಸರಿ ಮಾಡುವಾಗ ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ಬಟ್ಟೆಯಲ್ಲಿ ಜಾಲಿಸುವ ಅಜ್ಜಿಯರ ಕ್ರಮದ ಹಿಂದಿನ ತರ್ಕ ಇದೇ. ಮೊಳಕೆಯ ಹಿಟ್ಟು ಬೇಯಿಸಿದಾಗ ಗಂಜಿ ಗಟ್ಟಿಯಾಗುವುದಿಲ್ಲ, ಆದ್ದರಿಂದ ಒಂದು ಬಟ್ಟಲಿನಲ್ಲಿ ಹೆಚ್ಚು ಹಿಟ್ಟು ಹಿಡಿಸಬಹುದು. ಪುಟ್ಟ ಹೊಟ್ಟೆಗೆ ಹೆಚ್ಚು ಶಕ್ತಿ ಸಿಗುತ್ತದೆ. ಅಲ್ಲಿ ಭಿತ್ತಿ ಒಡೆಯಬೇಕು. ಅದೇ ಮನೆಯ ಸಕ್ಕರೆ ಕಾಯಿಲೆಯ ಅಜ್ಜನಿಗೆ, ಪಿಷ್ಟ ನಿಧಾನವಾಗಿ ಜೀರ್ಣವಾಗಲು, ಭಿತ್ತಿ ಉಳಿಯಬೇಕು. ಇಬ್ಬರಿಗೂ ಒಂದೇ ರಾಗಿ ಮಾಲ್ಟ್ ಪುಡಿ ಮಾರುವ ಜಾಹೀರಾತುಗಳಿಗೆ ಈ ವ್ಯತ್ಯಾಸದ ಪರಿವೆಯಿಲ್ಲ.

ಬೀಟಾ-ಗ್ಲೂಕಾನ್‌ನ ಕಥೆ ಇನ್ನೂ ಸ್ವಾರಸ್ಯ. ಓಟ್ಸ್ ಮತ್ತು ಬಾರ್ಲಿಯಲ್ಲಿ ಅದು ಹೇರಳ, ಗೋಧಿಯಲ್ಲಿ ಸ್ವಲ್ಪ, ಅಕ್ಕಿಯಲ್ಲಿ ನಾಮಮಾತ್ರ. ಬಿಯರ್ ತಯಾರಕರಿಗೆ ಅದು ಬದ್ಧ ವೈರಿ, ಏಕೆಂದರೆ ರಸವನ್ನು ಅಂಟಾಗಿಸಿ ಸೋಸುವ ಜಾಲರಿಯನ್ನೇ ಕಟ್ಟಿಬಿಡುತ್ತದೆ. ಆದ್ದರಿಂದ ಬಾರ್ಲಿ ತಳಿಗಾರರು ದಶಕಗಳ ಕಾಲ ಅದನ್ನು ಕಡಿಮೆ ಮಾಡುವುದರಲ್ಲೇ ತೊಡಗಿದ್ದರು. ಹೃದ್ರೋಗ ತಜ್ಞರಿಗೆ ಬೇಕಾದದ್ದು ಆ ಅಂಟುತನವೇ. ಕರುಳಿನಲ್ಲಿ ಗಟ್ಟಿಯಾದ ಲೋಳೆ ಪಿತ್ತಾಮ್ಲಗಳನ್ನು ಹಿಡಿದು ಹೊರಗೆ ಸಾಗಿಸುತ್ತದೆ. ಹೊಸ ಪಿತ್ತಾಮ್ಲ ತಯಾರಿಸಲು ಯಕೃತ್ತು ರಕ್ತದ ಕೊಲೆಸ್ಟರಾಲನ್ನು ಎಳೆದುಕೊಳ್ಳುತ್ತದೆ. ದಿನಕ್ಕೆ 3 ಗ್ರಾಂ ಬೀಟಾ-ಗ್ಲೂಕಾನ್ ಎಂಬ ಲೆಕ್ಕದ ಮೇಲೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 1997ರಲ್ಲಿ ಓಟ್ಸ್‌ಗೆ ‘ಹೃದಯಕ್ಕೆ ಹಿತ’ ಎಂದು ಹೇಳಿಕೊಳ್ಳಲು ಒಪ್ಪಿಗೆ ಕೊಟ್ಟಿತು. ಓಟ್ಸ್ ಎಂಬ ಕುದುರೆ ಮೇವು ನಮ್ಮ ಅಡುಗೆಮನೆಗೆ ಇಷ್ಟು ದುಬಾರಿಯಾಗಿ ಬಂದು ಕುಳಿತದ್ದರಲ್ಲಿ ಈ ಒಂದು ಒಪ್ಪಿಗೆಯ ಕೈವಾಡ ಸಣ್ಣದಲ್ಲ.

ಸಸ್ಯ ಈ ಬೀಟಾ-ಗ್ಲೂಕಾನನ್ನು ಹೇಗೆ ನೇಯುತ್ತದೆ ಎಂಬುದು ಬಹುಕಾಲ ಒಗಟಾಗಿತ್ತು. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಜೆಫ್ ಫಿಂಚರ್ ಮತ್ತು ರೇಚಲ್ ಬರ್ಟನ್ ಅವರ ಗುಂಪು 2006ರಲ್ಲಿ ಅದನ್ನು ಬಿಡಿಸಿತು. ಅವರು ಬಳಸಿದ ಉಪಾಯ ಸೊಗಸಾದದ್ದು. ಅರಬಿಡಾಪ್ಸಿಸ್ ಎಂಬ ಸಾಸಿವೆ ಜಾತಿಯ ಪುಟ್ಟ ಗಿಡದಲ್ಲಿ ಬೀಟಾ-ಗ್ಲೂಕಾನ್ ಇರುವುದಿಲ್ಲ. ಭತ್ತದಿಂದ ಸಿಎಸ್‌ಎಲ್‌ಎಫ್ ಎಂಬ ಗುಂಪಿನ ಜೀನುಗಳನ್ನು ತೆಗೆದು ಆ ಗಿಡಕ್ಕೆ ಸೇರಿಸಿದಾಗ ಅದರ ಕೋಶಭಿತ್ತಿಯಲ್ಲಿ ಬೀಟಾ-ಗ್ಲೂಕಾನ್ ಕಾಣಿಸಿಕೊಂಡಿತು. ಎಂದೂ ಇಲ್ಲದ ಗಿಡದಲ್ಲಿ ಕಂಡಿತೆಂದರೆ ನೇಯುವವು ಆ ಜೀನುಗಳೇ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಮುಂದೆ ಅದೇ ಗುಂಪು ಆ ಕುಟುಂಬದ ಒಂದು ಜೀನನ್ನು ಬಾರ್ಲಿ ಕಾಳಿನಲ್ಲಿ ಹೆಚ್ಚು ದುಡಿಸಿ ಬೀಟಾ-ಗ್ಲೂಕಾನನ್ನು ಶೇ 80ಕ್ಕೂ ಹೆಚ್ಚು ಏರಿಸಿ ತೋರಿಸಿತು.

ಆದರೂ ಇವೆಲ್ಲ ಭಿತ್ತಿಯ ಸಾಮಗ್ರಿಯ ಮಾತಾಯಿತು. ಭಿತ್ತಿ ಇಡಿಯಾಗಿ ನಿಂತಿದ್ದರೆ ಏನಾಗುತ್ತದೆ? ಲಂಡನ್ನಿನ ಕಿಂಗ್ಸ್ ಕಾಲೇಜಿನ ಪೀಟರ್ ಎಲ್ಲಿಸ್, ಕ್ಯಾಥ್ರಿನಾ ಎಡ್ವರ್ಡ್ಸ್ ಮತ್ತಿತರರು 2015ರಲ್ಲಿ ಪ್ರಕಟಿಸಿದ ಪ್ರಯೋಗ ನನ್ನ ಮಟ್ಟಿಗೆ ಈ ಕ್ಷೇತ್ರದ ಅತ್ಯಂತ ಉಪಯುಕ್ತ ಪ್ರಯೋಗ. ಒಂದೇ ಡ್ಯೂರಂ ಗೋಧಿಯಿಂದ ಎರಡು ಗಂಜಿ. ಒಂದರಲ್ಲಿ 2 ಮಿಲಿಮೀಟರಿನ ತರಿ, ಇನ್ನೊಂದರಲ್ಲಿ 0.2 ಮಿಲಿಮೀಟರಿಗಿಂತ ನುಣುಪಾದ ಹಿಟ್ಟು. ಪಿಷ್ಟವೂ ನಾರೂ ಎರಡರಲ್ಲಿ ಸಮ, ಅಂದರೆ ಪೊಟ್ಟಣದ ಮೇಲಿನ ಅಂಕಿಗಳಲ್ಲಿ ವ್ಯತ್ಯಾಸ ಕಾಣದು. ತಿಂದವರು ಸಣ್ಣ ಕರುಳಿನ ತುದಿಯನ್ನು ಶಸ್ತ್ರಚಿಕಿತ್ಸೆಯಿಂದ ಹೊಟ್ಟೆಯ ಹೊರಗೆ ತೆರೆಸಿಕೊಂಡಿದ್ದ, ಉಳಿದಂತೆ ಆರೋಗ್ಯವಂತರಾದ ಸ್ವಯಂಸೇವಕರು. ಅಂಥವರಲ್ಲಿ ಏನು ಜೀರ್ಣವಾಗಿದೆ, ಏನು ಉಳಿದಿದೆ ಎಂಬುದನ್ನು ನೇರವಾಗಿ ನೋಡಬಹುದು. ತರಿಯ ಗಂಜಿ ಉಂಡಾಗ ರಕ್ತದ ಸಕ್ಕರೆಯ ಏರಿಕೆ ಮೂರನೆಯ ಒಂದರಷ್ಟು ಕಡಿಮೆ, ಇನ್ಸುಲಿನ್ ಇನ್ನೂ ಕಡಿಮೆ. ಹೊರಬಂದ ತರಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅಂಚಿನ ಕೋಶಗಳು ಖಾಲಿಯಾಗಿದ್ದವು, ಒಳಗಿನ ಕೋಶಗಳಲ್ಲಿ ಪಿಷ್ಟ ಹಾಗೆಯೇ ಉಳಿದಿತ್ತು. ಕಿಣ್ವಕ್ಕೆ ಭಿತ್ತಿ ದಾಟಲು ಹೊತ್ತು ಬೇಕು. ಭಿತ್ತಿಯೊಳಗೆ ಸಿಕ್ಕಿಬಿದ್ದ ಪಿಷ್ಟ ಬೇಯುವಾಗ ಪೂರ್ತಿ ಉಬ್ಬಲೂ ಆಗದು. ಪಾಲ್ಗೊಂಡವರು ಬೆರಳೆಣಿಕೆಯ ಜನ ಎಂಬುದು ನಿಜ, ವರ್ಷಗಟ್ಟಲೆ ತಿಂದರೆ ಏನಾಗುತ್ತದೆ ಎಂದು ಇದರಿಂದ ಹೇಳಲಾಗದು. ಆದರೆ ಕಾರಣ ಕಣ್ಣಿಗೆ ಕಾಣುವಷ್ಟು ಸ್ಪಷ್ಟವಾಗಿದೆ.

ನಮಗೆ ಇದು ಹೊರನಾಡಿನ ಸಂಗತಿಯಲ್ಲ. 2 ಮಿಲಿಮೀಟರಿನ ಗೋಧಿ ತರಿ ಎಂದರೆ ಗೋಧಿ ನುಚ್ಚು. ಬಯಲುಸೀಮೆಯ ಜೋಳದ ನುಚ್ಚು, ಮಜ್ಜಿಗೆ ಬೆರೆಸಿ ಉಣ್ಣುವುದು, ಇದೇ ಜಾತಿಗೆ ಸೇರಿದ್ದು. ಬನ್ಸಿ ರವೆಯಲ್ಲಿ ಇಡಿ ಕೋಶಗಳು ಕೆಲಮಟ್ಟಿಗೆ ಉಳಿಯುತ್ತವೆ, ಚಿರೋಟಿ ರವೆಯಲ್ಲಿ ಇನ್ನೂ ಕಡಿಮೆ, ಮೈದಾದಲ್ಲಿ ಹುಡುಕಬೇಕು. ಕಡಲೆಯಂಥ ಕಾಳುಗಳ ಭಿತ್ತಿಯಂತೂ ಧಾನ್ಯಗಳಿಗಿಂತ ಗಟ್ಟಿ. ಬೇಯಿಸಿದಾಗ ಕೋಶಗಳು ಒಡೆಯದೆ ಒಂದರಿಂದೊಂದು ಬಿಡಿಸಿಕೊಳ್ಳುತ್ತವೆ, ಪಿಷ್ಟ ಒಳಗೇ ಉಳಿಯುತ್ತದೆ. ಉಸಲಿ ತಿಂದದ್ದಕ್ಕೂ ಕಡಲೆ ಹಿಟ್ಟಿನ ಬಜ್ಜಿ ತಿಂದದ್ದಕ್ಕೂ ಎಣ್ಣೆಯಾಚೆಗೂ ಇರುವ ವ್ಯತ್ಯಾಸ ಇದು.

ರಾಗಿ ಇಲ್ಲಿ ವಿಚಿತ್ರ ಸ್ಥಾನದಲ್ಲಿದೆ. ಅದರ ಬೀಜಕವಚ ಐದು ಪದರದ್ದು, ಒಳಗಿನ ಮೆದು ಪಿಷ್ಟಕ್ಕೆ ಬಿಗಿಯಾಗಿ ಅಂಟಿರುತ್ತದೆ. ಅಕ್ಕಿಯಂತೆ ಪಾಲಿಶ್ ಮಾಡಹೋದರೆ ಕಾಳೇ ಪುಡಿಯಾಗುತ್ತದೆ. ಆದ್ದರಿಂದ ಇಡಿಯಾಗಿ ಬೀಸುವುದು ಬಿಟ್ಟರೆ ಗತ್ಯಂತರವಿರಲಿಲ್ಲ. ನಾರೂ ಕ್ಯಾಲ್ಸಿಯಮ್ಮೂ ನಮ್ಮ ತಟ್ಟೆಗೆ ಬಂದದ್ದು ನಮ್ಮ ಜಾಣತನದಿಂದಲ್ಲ, ಕಾಳಿನ ಹಟದಿಂದ. ಮೈಸೂರಿನ ಸಂಶೋಧನಾಲಯದಲ್ಲಿ ಎನ್.ಜಿ. ಮಲ್ಲೇಶಿ ಮತ್ತು ಸಂಗಡಿಗರು ರಾಗಿಯನ್ನು ನೆನೆಸಿ, ಹಬೆಯಲ್ಲಿ ಬೇಯಿಸಿ, ಒಣಗಿಸಿ ಒಳಭಾಗ ಗಟ್ಟಿಯಾದ ಮೇಲೆ ಸಿಪ್ಪೆ ತೆಗೆಯುವ ವಿಧಾನ ಕಂಡುಹಿಡಿದರು. ರಾಗಿ ಅನ್ನ ಮಾಡಲು ಅದು ಒಳ್ಳೆಯದೇ, ಆದರೆ ಹಾಗೆ ಬೋಳಿಸಿದ ರಾಗಿಗೆ 11.18 ಎಂಬ ಅಂಕಿ ಹೊಂದುವುದಿಲ್ಲ. ಇನ್ನು ಇಡಿ ರಾಗಿಯ ಹಿಟ್ಟು: ಸಾಮಗ್ರಿಯ ಲೆಕ್ಕದಲ್ಲಿ ಅದು ಶ್ರೀಮಂತ, ಭಿತ್ತಿಗಳು ಮಾತ್ರ ಬೀಸುಕಲ್ಲಿನಲ್ಲಿ ಚೂರಾಗಿರುತ್ತವೆ. ರಾಗಿ ಉಂಡಾಗ ಸಕ್ಕರೆ ಎಷ್ಟು ಏರುತ್ತದೆ ಎಂದು ಅಳೆದ ಅಧ್ಯಯನಗಳು ಒಂದಕ್ಕೊಂದು ತಾಳೆಯಾಗದಿರುವುದಕ್ಕೆ ಹಿಟ್ಟಿನ ನುಣುಪು, ಬೇಯಿಸಿದ ರೀತಿಗಳೂ ಕಾರಣ. ಮುದ್ದೆ ಉಂಡರೆ ಸಕ್ಕರೆ ಏರುವುದೇ ಇಲ್ಲ ಎಂದು ಹೇಳುವವರು ಒಮ್ಮೆ ಊಟದ ಎರಡು ಗಂಟೆಯ ನಂತರ ಬೆರಳು ಚುಚ್ಚಿ ನೋಡಬೇಕು.

ಭಿತ್ತಿಯ ಗೊಡವೆಗೇ ಹೋಗದ ಇನ್ನೊಂದು ದಾರಿಯೂ ಇದೆ: ಪಿಷ್ಟವನ್ನೇ ಜೀರ್ಣವಾಗದಂತೆ ಬದಲಿಸುವುದು. ಪಿಷ್ಟದಲ್ಲಿ ಕವಲೊಡೆದ ಅಮೈಲೋಪೆಕ್ಟಿನ್ ಹೆಚ್ಚು, ನೇರ ಸರದ ಅಮೈಲೋಸ್ ಕಡಿಮೆ ಇರುತ್ತದೆ. ಕವಲೊಡೆಯುವ ಕಿಣ್ವದ ಜೀನನ್ನು ಕೆಡಿಸಿದರೆ ಅಮೈಲೋಸ್ ಪಾಲು ಏರುತ್ತದೆ, ಬೆಂದು ಆರಿದ ಮೇಲೆ ಅದು ಒತ್ತಾಗಿ ಕೂತು ಕಿಣ್ವಕ್ಕೆ ಜಗ್ಗುವುದಿಲ್ಲ. ಆಸ್ಟ್ರೇಲಿಯಾದ ಸರಕಾರಿ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ಒ ಪಿಷ್ಟ ಕಟ್ಟುವ ಮತ್ತೊಂದು ಜೀನು ಕೆಟ್ಟ ಬಾರ್ಲಿಯಿಂದ ಬಾರ್ಲಿಮ್ಯಾಕ್ಸ್ ಎಂಬ ತಳಿ ತಂದಿತು, ಗೋಧಿಯಲ್ಲಿ ಅಮೈಲೋಸನ್ನು ಕಾಲು ಭಾಗದಿಂದ ಸುಮಾರು ಶೇ 85ಕ್ಕೆ ಏರಿಸಿತು. ಚೆನ್ನೈನ ಮದ್ರಾಸ್ ಮಧುಮೇಹ ಸಂಶೋಧನಾ ಪ್ರತಿಷ್ಠಾನದ ಹೆಚ್ಚು ನಾರಿನ ಬಿಳಿ ಅಕ್ಕಿಯಲ್ಲಿ ಮಾಮೂಲಿ ಅಕ್ಕಿಯ ಸುಮಾರು ಐದು ಪಟ್ಟು ನಾರು ಇದೆ, ಉಂಡ ಮೇಲೆ ರಕ್ತದ ಸಕ್ಕರೆ ಎಷ್ಟು ಏರುತ್ತದೆ ಎಂದು ಹೇಳುವ ಗ್ಲೈಸೀಮಿಕ್ ಸೂಚ್ಯಂಕ 79ರಿಂದ 61ಕ್ಕೆ ಇಳಿದಿದೆ. ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ನಮ್ಮ ಸಾಂಬಾ ಮಸೂರಿಯನ್ನು ಇಂಥ ಅಮೈಲೋಸ್ ತಳಿಯೊಂದಿಗೆ ಕೂಡಿಸಿ, ಸೂಚ್ಯಂಕ 45ಕ್ಕಿಂತ ಕಡಿಮೆಯಿರುವ ಸಾಲುಗಳನ್ನು 2024ರಲ್ಲಿ ವರದಿ ಮಾಡಿತು. ಕಾಳಿನೊಳಗೆ ಪಿಷ್ಟ ಸರಿಯಾಗಿ ತುಂಬದಿದ್ದರೆ ಇಳುವರಿಗೆ ಪೆಟ್ಟು ಬೀಳುತ್ತದೆ, ಈ ತಳಿಗಳೆಲ್ಲ ಆ ಹಗ್ಗದ ಮೇಲೆ ನಡೆಯುತ್ತಿವೆ. ಜೊತೆಗೆ, ಪ್ರಾಸ್ಕಿಯವರ ಕಿಣ್ವ ಪರೀಕ್ಷೆಗೆ ಇಂಥ ಪಿಷ್ಟದ ಒಂದು ಭಾಗ ಮಾತ್ರ ಸಿಗುತ್ತದೆ, ಅದರ ನಂತರ ಬಂದ ಕಿಣ್ವ ಪರೀಕ್ಷೆಗೆ ಹೆಚ್ಚು ಸಿಗುತ್ತದೆ. ಮತ್ತೆ ಅದೇ ಎರಡು ಉತ್ತರಗಳ ಕಾಟ.

ಹಾಗಾದರೆ ನಾರಿನ ಗ್ರಾಂ ಲೆಕ್ಕ ಬೇಡವೇ? ಹಾಗೆ ಹೇಳಿದರೆ ಇನ್ನೊಂದು ತುದಿಗೆ ಜಾರಿದಂತೆ. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದ ತಂಡ 185 ದೀರ್ಘಾವಧಿ ಅಧ್ಯಯನಗಳನ್ನೂ 58 ಪ್ರಯೋಗಗಳನ್ನೂ ಒಟ್ಟುಗೂಡಿಸಿ 2019ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಅತಿ ಕಡಿಮೆ ನಾರು ತಿನ್ನುವವರಿಗಿಂತ ಅತಿ ಹೆಚ್ಚು ತಿನ್ನುವವರಲ್ಲಿ ಸಾವು, ಹೃದ್ರೋಗ, ಮಧುಮೇಹ, ದೊಡ್ಡ ಕರುಳಿನ ಕ್ಯಾನ್ಸರ್ ಶೇ 15ರಿಂದ 30ರಷ್ಟು ಕಡಿಮೆ ಕಂಡವು. ದಿನಕ್ಕೆ 25ರಿಂದ 29 ಗ್ರಾಂ ತಿನ್ನುವವರಿಗೆ ಲಾಭ ಸ್ಪಷ್ಟ. ಆದರೆ ಆ ಅಧ್ಯಯನಗಳ ಜನ ನಾರನ್ನು ತಿಂದದ್ದು ಬಹುಮಟ್ಟಿಗೆ ಧಾನ್ಯ, ಕಾಳು, ತರಕಾರಿ, ಹಣ್ಣುಗಳಾಗಿ. ಮೈದಾ ಬಿಸ್ಕತ್ತಿಗೆ ಚಿಕೋರಿ ಬೇರಿನಿಂದ ತೆಗೆದ ಇನುಲಿನ್ ಎಂಬ ನಾರು ಬೆರೆಸಿ 6 ಗ್ರಾಂ ದಾಟಿಸಿ ‘ಹೆಚ್ಚಿನ ನಾರು’ ಎಂದು ಅಚ್ಚು ಹಾಕಲು ನಮ್ಮ ನಿಯಮ ಬಿಡುತ್ತದೆ. 100 ಗ್ರಾಂಗೆ ಅಷ್ಟಿದ್ದರೆ ಸಾಕು. ಒಟಾಗೊ ವಿಶ್ಲೇಷಣೆಯ ಲಾಭವನ್ನು ಆ ಬಿಸ್ಕತ್ತು ತನ್ನದೆಂದು ಹೇಳಿಕೊಳ್ಳಲು ಯಾವ ಆಧಾರವೂ ಇಲ್ಲ. ಇನ್ನೊಂದು ಮಾತು, ತೌಡಿನೊಂದಿಗೆ ಬರುವ ಫೈಟೇಟ್ ಕಬ್ಬಿಣ, ಸತುಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ರಕ್ತಹೀನತೆ ಇಷ್ಟು ವ್ಯಾಪಕವಾಗಿರುವ ನಾಡಿನಲ್ಲಿ ಎಲ್ಲರಿಗೂ ತೌಡು ತಿನ್ನಿಸುವ ಉಪದೇಶಕ್ಕೂ ಬೆಲೆ ತೆರಬೇಕಾಗುತ್ತದೆ. ನೆನೆಸುವುದು, ಮೊಳಕೆ ಕಟ್ಟುವುದು, ಹುದುಗಿಸುವುದು ಫೈಟೇಟನ್ನು ತಗ್ಗಿಸುತ್ತವೆ.

ಧಾನ್ಯವನ್ನು ಯಾವ ಗಾತ್ರಕ್ಕೆ ಬೀಸಲಾಗಿದೆ, ಎಷ್ಟು ಪಾಲಿಶ್ ಮಾಡಲಾಗಿದೆ ಎಂಬ ಎರಡು ಸಾಲು ಪೊಟ್ಟಣದ ಮೇಲೆ ಬಂದರೆ ಈಗಿನ ನಾರಿನ ಅಂಕಿಗಿಂತ ಹೆಚ್ಚು ಉಪಕಾರವಾದೀತು ಎಂದು ನನಗನ್ನಿಸುತ್ತದೆ. ಗಿರಣಿಗಳಿಗೆ ಇದು ಹೊಸ ಖರ್ಚಲ್ಲ, ಜರಡಿಯ ಕಣ್ಣಿನ ಅಳತೆ ಅವರಿಗೆ ಗೊತ್ತೇ ಇರುತ್ತದೆ. ಸಿರಿಧಾನ್ಯದ ‘ಅಕ್ಕಿ’ಗಳಿಗಂತೂ ಇದು ತುರ್ತು, ಬೆಳ್ಳಗೆ ಹೊಳೆಯುವ ಪಾಲಿಶ್ ಮಾಡಿದ ಸಾಮೆಗೂ ಹೊಟ್ಟು ಮಾತ್ರ ತೆಗೆದ ಸಾಮೆಗೂ ಅಂಗಡಿಯಲ್ಲಿ ಒಂದೇ ಹೆಸರು. ರೈತ ಸಿರಿ ಯೋಜನೆಯಲ್ಲಿ ಬೆಳೆಗಾರರಿಗೆ ಹೆಕ್ಟೇರಿಗೆ 10,000 ರೂಪಾಯಿ ಪ್ರೋತ್ಸಾಹಧನ ಕೊಟ್ಟ ಸರಕಾರ, ಕೊಯ್ಲಿನ ನಂತರ ಯಂತ್ರದಲ್ಲಿ ಆ ಧಾನ್ಯ ಏನಾಗುತ್ತದೆ ಎಂಬುದರ ಕಡೆಗೂ ಅಷ್ಟೇ ಆಸ್ಥೆ ವಹಿಸಬೇಕಿತ್ತು.

ಪಡಿತರದ ರಾಗಿಯ ವಿಷಯದಲ್ಲಿ ಪೊಟ್ಟಣದ ತಗಾದೆಯೇ ಇಲ್ಲ, ಅದು ಬರುವುದು ಇಡಿ ಕಾಳಾಗಿ. ಬೀಸಿಕೊಂಡು ಬಂದ ಹಿಟ್ಟನ್ನು ಮತ್ತೆ ಸಣ್ಣ ಕಣ್ಣಿನ ಜರಡಿ ಹಿಡಿದು, ಮೇಲುಳಿದದ್ದನ್ನು ಕಲಗಚ್ಚಿಗೆ ಸುರಿಯುವ ಮನೆಗಳು ಬಹಳ. ಜರಡಿಯ ಮೇಲುಳಿಯುವುದು ಬೀಜಕವಚದ ಚೂರುಗಳು: ಫೆರುಲಿಕ್ ಆಮ್ಲ, ನಾರು, ಕ್ಯಾಲ್ಸಿಯಂ ಹೆಚ್ಚಿರುವ ಭಾಗ. ಹಸುವಿಗೆ ಅದು ಹಿತವೇ. ಕೂಸಿನ ಸರಿಗೆ ಜಾಲಿಸುವುದೂ ಸರಿ. ದೊಡ್ಡವರ ಮುದ್ದೆಗೆ ಜರಡಿ ಬೇಕಿಲ್ಲ, ಗಿರಣಿಯವನಿಗೆ ಕಲ್ಲು ತುಸು ಎತ್ತಿ ತರಿಯಾಗಿ ಬೀಸಲು ಹೇಳಿದರೆ ಅದಕ್ಕೆ ಹೆಚ್ಚಿನ ಹಣವನ್ನೂ ಅವನು ಕೇಳುವುದಿಲ್ಲ.